ತರಗತಿಯಲ್ಲಿ ಹುಲಿ, ಮೈಕಿನ ಮುಂದೆ ಯಾಕೆ ಇಲಿ?

ನನಗೆ ಗೊತ್ತಿರುವ ಒಬ್ಬ ಮುಖ್ಯ ಶಿಕ್ಷಕಿ ಇದ್ದಾರೆ. ಅರವತ್ತು ಮಕ್ಕಳ ಕೋಣೆಗೆ ಕಾಲಿಟ್ಟರೆ ಅವರು ಬಾಯಿ ತೆರೆಯಬೇಕಿಲ್ಲ, ಹುಬ್ಬು ಏರಿಸಿದರೆ ಸಾಕು, ಹಿಂದಿನ ಬೆಂಚಿನ ಗುಸುಗುಸು ನಿಲ್ಲುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಮೇಜು ಕುಟ್ಟುವವರನ್ನು ಒಂದು ಲೋಟ ಚಹಾದಲ್ಲಿ ತಣ್ಣಗಾಗಿಸುತ್ತಾರೆ. ಅವರನ್ನು ಜಿಲ್ಲಾ ಮಟ್ಟದ ಶಿಕ್ಷಕಿಯರ ಸಮ್ಮೇಳನದಲ್ಲಿ ಮಾತಾಡಲು ಕರೆದರು. ನಾಲ್ಕು ಹಾಳೆ ಹಿಡಿದು ಮೈಕಿನ ಮುಂದೆ ನಿಂತರು. ದನಿ ಅರ್ಧಕ್ಕಿಳಿಯಿತು, ತಲೆ ಹಾಳೆಯೊಳಗೆ ಹೋಯಿತು. ‘ನಾಯಕತ್ವ’, ‘ಸಬಲೀಕರಣ’, ‘ಸರ್ವತೋಮುಖ’ ಎಂಬ ಪದಗಳು ಒಂದರ ಹಿಂದೊಂದು ಹಾದುಹೋದವು. ಕೆಳಗಿಳಿದು ನನ್ನ ಪಕ್ಕ ಕೂತವರೇ ಅಡುಗೆಯವರು, ಗ್ಯಾಸ್ ಸಿಲಿಂಡರು, ಪಂಚಾಯಿತಿ ಸದಸ್ಯರು ಸೇರಿ ನಡೆದ ಒಂದು ಜಗಳವನ್ನು ಐದೇ ನಿಮಿಷದಲ್ಲಿ ಹೇಳಿದರು. ನಾಯಕತ್ವದ ಪಾಠವೆಂದರೆ ಅದು. ಆದರೆ ಅದನ್ನು ಕೇಳಿದವಳು ನಾನೊಬ್ಬಳೇ.

2023-24ರ ಯುಡೈಸ್ ಪ್ಲಸ್ ಲೆಕ್ಕದಂತೆ ದೇಶದ ಶಾಲಾ ಶಿಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ದಿನಕ್ಕೆ ಐದು ಗಂಟೆ ಮಾತಾಡಿಯೇ ಬದುಕುವವರು ನಾವು. ಆದರೂ ವೇದಿಕೆ ಹತ್ತುವಾಗ ಟೀಚರ್‌ತನವನ್ನು ಚಪ್ಪಲಿಯ ಜೊತೆ ಕೆಳಗೆ ಬಿಟ್ಟು ಹೋಗುತ್ತೇವೆ. ಸಂಪನ್ಮೂಲ ವ್ಯಕ್ತಿಯೆಂಬ ಬ್ಯಾಡ್ಜು ಸಿಕ್ಕಿಸಿಕೊಂಡು ವೇದಿಕೆಯ ಮೇಲೂ, ಓಓಡಿ (ಅನ್ಯ ಕಾರ್ಯ ನಿಮಿತ್ತ) ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೂ ಬಹಳ ವರ್ಷ ಕೂತವಳು ನಾನು. ಮುಂದಿನ ಸಮ್ಮೇಳನಕ್ಕೆ ನಿಮ್ಮನ್ನು ಕರೆದಿದ್ದರೆ ಈ ಸೂತ್ರಗಳನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ.

1. ಒಪ್ಪಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ

ಸಂಘಟಕರ ಫೋನು ಬಂದಾಗ ‘ಆಗಲಿ ಸರ್’ ಎಂದು ಇಟ್ಟುಬಿಡಬೇಡಿ. ಎದುರು ಕೂರುವವರು ಯಾರು? ಕಾಯಂ ಮುಖ್ಯ ಶಿಕ್ಷಕಿಯರೋ, ‘ಪ್ರಭಾರ’ ಹೊತ್ತವರೋ, ಕಸ್ತೂರಬಾ ಬಾಲಿಕಾ ವಿದ್ಯಾಲಯದ ವಾರ್ಡನ್‌ಗಳೋ, ಪದವಿ ಕಾಲೇಜಿನ ಪ್ರಾಂಶುಪಾಲರೋ? ಈ ನಾಲ್ವರ ತಲೆನೋವು ನಾಲ್ಕು ಬಗೆಯದು. ಪ್ರಭಾರದವರಿಗೆ ಅಧಿಕಾರ ಕಮ್ಮಿ, ಸಹಿ ಹಾಕುವ ಹೊಣೆ ಪೂರ್ತಿ. ವಾರ್ಡನ್‌ಗೆ ರಾತ್ರಿ ಹತ್ತಕ್ಕೆ ಜ್ವರ ಬಂದ ಹುಡುಗಿಯದೇ ಚಿಂತೆ. ಎಲ್ಲರಿಗೂ ಒಂದೇ ಭಾಷಣವೆಂದರೆ ಒಂದನೇ ತರಗತಿಗೂ ಹತ್ತಕ್ಕೂ ಒಂದೇ ಪಾಠ ಮಾಡಿದ ಹಾಗೆ.

ಎರಡನೆಯದು: ಎಷ್ಟು ಜನ, ಎಂಥ ಕೋಣೆ? ಮೂರನೆಯದು: ದೂರದವರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ಹೋಗಿದೆ, ಕೊನೆಯ ಬಸ್ಸಿನ ಚಿಂತೆ ಹೋಗಿಲ್ಲ. ನಾಲ್ಕೂವರೆಗೆ ಎದುರಿನವರೆಲ್ಲ ಬಾಗಿಲ ಕಡೆ ನೋಡಲು ಶುರು ಮಾಡಿದರೆ ಅದು ನಿಮ್ಮ ಭಾಷಣದ ತಪ್ಪೇ ಇರಬೇಕೆಂದಿಲ್ಲ.

2. ಬ್ಯಾನರಿನ ವಿಷಯವನ್ನು ಬ್ಯಾನರಿಗೇ ಬಿಡಿ

‘ಮಹಿಳೆ ಮತ್ತು ಶೈಕ್ಷಣಿಕ ನಾಯಕತ್ವ: ಸವಾಲುಗಳು ಮತ್ತು ಸಾಧ್ಯತೆಗಳು.’ ಇದನ್ನು ಬಟ್ಟೆಯ ಮೇಲೆ ಬರೆಸಬಹುದು, ಇದರ ಮೇಲೆ ಮಾತಾಡಲು ಬರುವುದಿಲ್ಲ. ಅದರೊಳಗಿಂದ ಒಂದು ಎಳೆ ಹಿಡಿಯಿರಿ. ಉದಾಹರಣೆಗೆ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ತೆಗೆದುಕೊಳ್ಳಿ. 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳೆಯೇ ಅದರ ಅಧ್ಯಕ್ಷೆ. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಸರಿ, ಇಬ್ಬರು ಶಿಕ್ಷಕಿಯರಿರುವ ಕಿರಿಯ ಪ್ರಾಥಮಿಕ ಶಾಲೆಯವರು ಎಲ್ಲಿಗೆ ಹೋಗಬೇಕು? ಅವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಇಷ್ಟನ್ನು ಹೇಳಿ, ದೂರನ್ನು ಬರೆಯುವುದು ಹೇಗೆಂದು ತೋರಿಸಿದರೆ ಮುಕ್ಕಾಲು ಗಂಟೆ ಸಾಲದು. ನಾನು ಈ ವಿಷಯ ಎತ್ತಿದಾಗಲೆಲ್ಲ ‘ಸ್ಥಳೀಯ ಸಮಿತಿ ಇದೆಯೆಂದು ಗೊತ್ತೇ ಇರಲಿಲ್ಲ ಮೇಡಂ’ ಎಂದವರು ಇದ್ದೇ ಇದ್ದಾರೆ.

ಒಂದು ಎಳೆ ಹಿಡಿದರೆ ಮಾತು ಸಣ್ಣದಾಗುತ್ತದೆಂಬ ಭಯ ಬೇಡ. 1927ರ ಜನವರಿಯಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಮೊದಲ ಸಲ ಸೇರಿತು. ಮುಂದಾಳು ಐರ್ಲೆಂಡಿನಿಂದ ಬಂದ ಮಾರ್ಗರೆಟ್ ಕಸಿನ್ಸ್, ಅಧ್ಯಕ್ಷೆ ಬರೋಡದ ಮಹಾರಾಣಿ ಚಿಮನಾಬಾಯಿ. ಸಂಘಟನೆಯ ಓಡಾಟ ಹೊತ್ತವರಲ್ಲಿ ಒಬ್ಬರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ, ಆಗ ಅವರಿಗಿನ್ನೂ 23 ವರ್ಷ. ಸೇರಿದ್ದು ಹೆಣ್ಣುಮಕ್ಕಳ ಶಿಕ್ಷಣದ ಸುಧಾರಣೆ ಎಂಬ ಒಂದೇ ವಿಷಯಕ್ಕೆ. ಹುಡುಗಿಯರು ಶಾಲೆ ಯಾಕೆ ಬಿಡುತ್ತಾರೆ ಎಂದು ಕೇಳುತ್ತ ಹೋದಂತೆ ಉತ್ತರ ಬಾಲ್ಯವಿವಾಹಕ್ಕೆ ಬಂದು ನಿಂತಿತು. ಶಿಕ್ಷಣಕ್ಕೆಂದು ಕೂಡಿದವರು ಮದುವೆಯ ವಯಸ್ಸಿನ ಬಗ್ಗೆ ಗೊತ್ತುವಳಿ ಮಾಡಿದರು, ಕಾಯ್ದೆಗಾಗಿ ಪಟ್ಟು ಹಿಡಿದರು. 1929ರಲ್ಲಿ ಶಾರದಾ ಕಾಯ್ದೆ ಬಂದು ಹುಡುಗಿಯ ಮದುವೆಗೆ 14 ವರ್ಷದ ಗಡಿ ಬಿತ್ತು. 1932ರಲ್ಲಿ ದೆಹಲಿಯ ಲೇಡಿ ಇರ್ವಿನ್ ಕಾಲೇಜು ಶುರುವಾದದ್ದರ ಹಿಂದೆಯೂ ಇದೇ ಸಂಸ್ಥೆ ಇತ್ತು. ನಮ್ಮ ಸಮ್ಮೇಳನಗಳ ಅಜ್ಜಿ ಅದು. ಅಜ್ಜಿಗೆ ಒಂದೇ ಪ್ರಶ್ನೆ ಸಾಕಾಗಿತ್ತು.

3. ಗಣ್ಯರ ಪಟ್ಟಿಯನ್ನು ನುಂಗಿಬಿಡಿ

ನಿರೂಪಕಿ ಹೇಳಿಯಾಗಿದೆ, ಸ್ವಾಗತದವರು ಹೇಳಿಯಾಗಿದೆ, ಪ್ರಾಸ್ತಾವಿಕ ನುಡಿಯವರೂ ಹೇಳಿಯಾಗಿದೆ. ನಾಲ್ಕನೆಯ ಸಲ ನೀವೂ ಹೇಳಿದರೆ ಆ ಗಣ್ಯರಿಗೇ ಮುಜುಗರ. ‘ಎಲ್ಲರಿಗೂ ನಮಸ್ಕಾರ’ ಎಂದು ನೇರ ವಿಷಯಕ್ಕಿಳಿಯಿರಿ. ತರಗತಿಯ ಬಾಗಿಲಲ್ಲಿ ನಿಂತು ಮಾನಿಟರಿನಿಂದ ಹಿಡಿದು ಹಾಜರಾತಿ ಪುಸ್ತಕದ ಎಲ್ಲರ ಹೆಸರು ಹೇಳಿ ವಂದಿಸಿ ಯಾರಾದರೂ ಪಾಠ ಶುರು ಮಾಡುತ್ತಾರೆಯೇ?

ಅದರ ಜೊತೆಗೇ ಇನ್ನೊಂದು ವಾಕ್ಯವನ್ನೂ ನುಂಗಿ: ‘ನಾನೇನು ಅಂಥ ದೊಡ್ಡ ಮಾತುಗಾರ್ತಿಯಲ್ಲ.’ ಗಂಡಸರು ಈ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅಪರೂಪ. ಹೇಳಬೇಕಾದವರು ಹೇಳುವುದೇ ಇಲ್ಲ.

4. 45 ನಿಮಿಷದ ಮಾತನ್ನು 8 ನಿಮಿಷಕ್ಕೂ ಸಿದ್ಧ ಮಾಡಿ

ನಮ್ಮ ರಾಜ್ಯದಲ್ಲಿ ನಾಡಗೀತೆಗೇ ಸಮಯ ನಿಗದಿಯಾಗಿದೆ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿಗೆ ಮುಗಿಯಬೇಕೆಂದು ಗೊತ್ತು ಮಾಡಿತು. ಉದ್ಘಾಟನೆಗೆ ಅಂಥ ಆದೇಶ ಯಾರೂ ಹೊರಡಿಸಿಲ್ಲ. ಅತಿಥಿಗಳ ಕಾರು ತಡ, ದೀಪಕ್ಕೆ ಗಾಳಿ, ಶಾಲು, ಹಾರ, ಫಲತಾಂಬೂಲ, ನೆನಪಿನ ಕಾಣಿಕೆ, ಫೋಟೊ, ‘ಇನ್ನೊಂದ್ಸಲ ಸರ್, ಈ ಕಡೆ ನೋಡಿ’. ಆಮಂತ್ರಣದಲ್ಲಿ ನಿಮ್ಮ ಗೋಷ್ಠಿ 11 ಗಂಟೆಗೆ, ಮೈಕು ಕೈಗೆ ಬರುವುದು ಹನ್ನೆರಡೂ ಇಪ್ಪತ್ತಕ್ಕೆ. ಹಿಂದಿನಿಂದ ಸಾರಿನ ವಾಸನೆ ಬರತೊಡಗಿರುತ್ತದೆ.

ಆದ್ದರಿಂದ ಮನೆಯಲ್ಲೇ ಮೂರು ಅಳತೆಯಲ್ಲಿ ಕತ್ತರಿಸಿಟ್ಟುಕೊಳ್ಳಿ: 45, 20, 8. ಎಂಟು ನಿಮಿಷದ್ದೇ ಕಷ್ಟ. ಅದನ್ನು ಮೊದಲು ಮಾಡಿ, ಉಳಿದೆರಡು ತಾವಾಗಿ ಬೆಳೆಯುತ್ತವೆ. ಸಮಯ ಕಡಿಮೆಯಾದಾಗ ಅದೇ ಮಾತನ್ನು ಜೋರಾಗಿ ಓಡಿಸುವುದು ಮಾರ್ಚ್ ತಿಂಗಳಲ್ಲಿ ಸಿಲಬಸ್ ಮುಗಿಸುವವರ ಚಾಳಿ. ಅದರ ಫಲಿತಾಂಶ ನಮಗೆಲ್ಲ ಗೊತ್ತಿದೆ. ‘ಸಮಯವಿಲ್ಲ, ಆದರೂ...’ ಎಂದು ಗೊಣಗಬೇಡಿ. ಆ ಗೊಣಗಾಟಕ್ಕೇ ಎರಡು ನಿಮಿಷ ಹೋಗುತ್ತದೆ. ವೇದಿಕೆಯಿಂದ ‘ಸಮಯ ಮುಗಿದಿದೆ’ ಎಂಬ ಚೀಟಿ ಬಂದರೆ ಓದಿ, ಮಡಚಿ, ಮುಗಿಸಿ.

5. ಸಾವಿತ್ರಿಬಾಯಿಯವರನ್ನು ಬಾಗಿಲಲ್ಲೇ ನಿಲ್ಲಿಸಬೇಡಿ

ಪ್ರತಿ ಭಾಷಣವೂ ಸಾವಿತ್ರಿಬಾಯಿ ಫುಲೆಯವರಿಗೆ ಒಂದು ವಾಕ್ಯದ ನಮಸ್ಕಾರ ಹಾಕಿ ಮುಂದೆ ಹೋಗುತ್ತದೆ. ಒಂದು ಗೋಷ್ಠಿಯಲ್ಲಿ ಐದು ಜನ ಹಾಗೆ ಮಾಡಿದ್ದನ್ನು ಎಣಿಸಿದ್ದೇನೆ. ಕರೆದರೆ ಒಳಗೆ ಕರೆಯಿರಿ. 1848ರಲ್ಲಿ ಪುಣೆಯಲ್ಲಿ ಶಾಲೆ ತೆರೆದಾಗ ಅವರಿಗೆ ಇನ್ನೂ 17. ಜೊತೆಗೆ ಫಾತಿಮಾ ಶೇಖ್ ಎಂಬ ಗೆಳತಿ ಇದ್ದರು. ಆ ಜೋಡಿಯ ಬಗ್ಗೆ, ಒಬ್ಬಳೇ ಮಾಡಲಾಗದ್ದನ್ನು ಇಬ್ಬರು ಮಾಡಿದ್ದರ ಬಗ್ಗೆ ಎರಡು ನಿಮಿಷ ಮಾತಾಡಿ. ಇಲ್ಲವೇ ನಿಮ್ಮ ಸೀಮೆಯವರನ್ನು ಕರೆತನ್ನಿ. ನಂಜನಗೂಡಿನ ತಿರುಮಲಾಂಬಾ ಬಾಲವಿಧವೆ. ಅವರು 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಕಟ್ಟಿದರು, ಆಮೇಲೆ ಪತ್ರಿಕೆಯನ್ನೂ ನಡೆಸಿದರು. ಆರ್. ಕಲ್ಯಾಣಮ್ಮ ದಶಕಗಳ ಕಾಲ ‘ಸರಸ್ವತಿ’ ಪತ್ರಿಕೆ ಹೊರತಂದರು, 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟ ಶುರು ಮಾಡಿದರು. ಮೈಸೂರಿನ ಮಹಾರಾಣಿ ಶಾಲೆ 1881ರದ್ದು. ನಿಮ್ಮ ತಾಲ್ಲೂಕಿನ ಮೊದಲ ಹೆಣ್ಣುಮಕ್ಕಳ ಶಾಲೆಯ ಹಳೆಯ ದಾಖಲಾತಿ ಪುಸ್ತಕ ಬೀರುವಿನಲ್ಲಿ ಇನ್ನೂ ಇದ್ದರೆ, ಮೊದಲ ಪುಟದ ಫೋಟೊ ತಂದು ತೋರಿಸಿ. ಎಲ್ಲರೂ ಮುಂದೆ ಬಗ್ಗುತ್ತಾರೆ.

6. ಕಥೆ ನಿಮ್ಮ ಶಾಲೆಯದೇ ಇರಲಿ, ಎಡವಿದ್ದೂ ಇರಲಿ

ಅಬ್ರಹಾಂ ಲಿಂಕನ್ ಮಗನ ಮೇಷ್ಟರಿಗೆ ಬರೆದನೆನ್ನುವ ಪತ್ರವನ್ನು ದಯವಿಟ್ಟು ಓದಬೇಡಿ. ಅದು ಲಿಂಕನ್ ಬರೆದದ್ದೆಂಬುದಕ್ಕೆ ಆಧಾರವೂ ಇಲ್ಲ. ನಿಮ್ಮ ಶಾಲೆಯಲ್ಲಿ ನಡೆದದ್ದನ್ನು ಹೇಳಿ. ಗೆದ್ದ ಕಥೆಯನ್ನಷ್ಟೇ ಹೇಳಿದರೆ ಎದುರಿನವರು ಚಪ್ಪಾಳೆ ತಟ್ಟಿ ಮರೆಯುತ್ತಾರೆ. ಎಡವಿದ್ದನ್ನು ಹೇಳಿದರೆ ಪೆನ್ನು ತೆಗೆಯುತ್ತಾರೆ. ನಾನು ಒಮ್ಮೆ ಶಾಲೆ ಬಿಟ್ಟ ಹುಡುಗಿಯ ಮನೆಗೆ ನಾಲ್ಕು ಸಲ ಹೋಗಿ, ನಾಲ್ಕು ಸಲವೂ ಅಪ್ಪನ ಹತ್ತಿರವೇ ವಾದ ಮಾಡಿ ಬಂದೆ. ಆ ಮನೆಯಲ್ಲಿ ತೀರ್ಮಾನ ಮಾಡುವವಳು ಅಜ್ಜಿ ಎಂದು ತಿಳಿಯುವಷ್ಟರಲ್ಲಿ ವರ್ಷವೇ ಕಳೆದಿತ್ತು. ಈ ಕಥೆಯನ್ನು ಎಲ್ಲಿ ಹೇಳಿದರೂ ಬಿಡುವಿನಲ್ಲಿ ಯಾರಾದರೂ ಬಂದು ‘ನಮ್ಮಲ್ಲೂ ಅಜ್ಜಿಯೇ ಮೇಡಂ’ ಎನ್ನುತ್ತಾರೆ.

ಮಗುವಿನ ಹೆಸರು, ಊರು, ಜಾತಿ ಬೇಡ. ಅದೇ ತಾಲ್ಲೂಕಿನವರು ನಾಲ್ಕು ಜನ ಎದುರು ಕೂತಿರುತ್ತಾರೆ. ಸಂಜೆಯೊಳಗೆ ಮಾತು ಊರು ತಲುಪುತ್ತದೆ.

7. ಪಿಪಿಟಿ ಕೈಕೊಟ್ಟರೂ ನಿಲ್ಲುವಂತಿರಿ

ಕರೆಂಟು ಹೋಗುತ್ತದೆ. ಹೋಗದಿದ್ದರೆ ಪೆನ್‌ಡ್ರೈವ್ ತೆರೆಯುವುದಿಲ್ಲ. ತೆರೆದರೆ ‘ನುಡಿ’ಯಲ್ಲಿ ಟೈಪ್ ಮಾಡಿದ್ದೆಲ್ಲ ಕಲಸುಮೇಲೋಗರವಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಮಾಡಿ, ಪಿಡಿಎಫ್ ಒಂದು ಪ್ರತಿ ಇಟ್ಟುಕೊಳ್ಳಿ. ಚೀಲದಲ್ಲಿ ಎರಡು ಸೀಮೆಸುಣ್ಣ ಮತ್ತು ಒಂದು ಮಾರ್ಕರ್. ಬೋರ್ಡಿನ ಮೇಲೆ ಬರೆಯುವ ಕೈ ನಿಮ್ಮದು, ಅದಕ್ಕೆ ನಾಚಿಕೆ ಯಾಕೆ?

8. ಸುತ್ತೋಲೆಯ ಭಾಷೆ ಬಿಡಿ

‘ವಿದ್ಯಾರ್ಥಿನಿಯರ ನಿರಂತರ ಹಾಜರಾತಿಯನ್ನು ಖಾತ್ರಿಪಡಿಸುವ ನಿಟ್ಟಿನಲ್ಲಿ ಪರಿಣಾಮಕಾರಿ ಅನುಷ್ಠಾನ ಕ್ರಮ ವಹಿಸತಕ್ಕದ್ದು.’ ಇದು ಮೇಲಿಂದ ಬಂದ ಪತ್ರಕ್ಕೆ ಸರಿ. ನೀವು ಹೇಳಬೇಕಾದದ್ದು ಇಷ್ಟೇ: ‘ಸೋಮವಾರ ಸಂತೆ. ಸೋಮವಾರ ಯಾವ ಹುಡುಗಿಯರು ಬರಲ್ಲ, ಪಟ್ಟಿ ಮಾಡಿ.’ ಧಾರವಾಡದವರು ಧಾರವಾಡದ ಹಾಗೆ, ಕುಂದಾಪುರದವರು ಕುಂದಾಪುರದ ಹಾಗೆ, ಕೋಲಾರದವರು ಕೋಲಾರದ ಹಾಗೆ ಮಾತಾಡಲಿ. ಪುಸ್ತಕದ ಕನ್ನಡ ಹುಡುಕುತ್ತ ಹೋದರೆ ಪದ ಸಿಗುತ್ತದೆ, ಹೇಳಬೇಕಾದದ್ದು ಕಳೆದುಹೋಗುತ್ತದೆ.

9. ಕಾರ್ಯಾಗಾರವೆಂದು ಕರೆದ ಮೇಲೆ ಕೆಲಸ ಕೊಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಕಾರ್ಯಾಗಾರಗಳು ಎಡವುವುದು ಇಲ್ಲೇ.

ಸಾಮಾನ್ಯ ದೃಶ್ಯ ಹೀಗಿರುತ್ತದೆ. ಒಂದೂವರೆ ಗಂಟೆ ಉಪನ್ಯಾಸ. ಆಮೇಲೆ ‘ಈಗ ಗುಂಪು ಚಟುವಟಿಕೆ’ ಎಂದು ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಹಂಚುವುದು. ಗುಂಪಿನಲ್ಲಿ ಅಕ್ಷರ ದುಂಡಗಿರುವವರು ಬರೆಯುತ್ತಾರೆ, ಒಬ್ಬರು ಹೂವಿನ ಬಾರ್ಡರ್ ಹಾಕುತ್ತಾರೆ, ಉಳಿದವರು ವರ್ಗಾವಣೆ ಕೌನ್ಸೆಲಿಂಗ್ ಬಗ್ಗೆ ಮಾತಾಡುತ್ತಾರೆ. ಐದು ಗುಂಪು ಐದು ಶೀಟು ಓದುತ್ತವೆ, ಐದರಲ್ಲೂ ಅದೇ ಅಂಶಗಳು. ಶೀಟುಗಳು ಗೋಡೆಗೆ ಅಂಟಿ ಫೋಟೊ ತೆಗೆಸಿಕೊಂಡು, ಮರುದಿನ ಕಸದ ಬುಟ್ಟಿ ಸೇರುತ್ತವೆ.

ಬೇರೆ ದಾರಿ ನಮ್ಮ ಅಂಗಳದಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯನ್ನು ನೆನಪಿಸಿಕೊಳ್ಳಿ. ಶಿಕ್ಷಕರ ಪೂರ್ಣ ನೆರವು ಬೇಕಾದವರು, ಭಾಗಶಃ ಬೇಕಾದವರು, ಜೊತೆಯವರ ನೆರವಿನಿಂದ ಕಲಿಯುವವರು, ತಾವೇ ಕಲಿಯುವವರು ಎಂದೆಲ್ಲ ಮಕ್ಕಳನ್ನು ತಟ್ಟೆಗಳಲ್ಲಿ ಕೂರಿಸುತ್ತೇವಲ್ಲ? ದೊಡ್ಡವರಿಗೆ ಅದು ಯಾಕೆ ಆಗಬಾರದು? ಆಯವ್ಯಯ ಬರೆಯುವ ಕಾರ್ಯಾಗಾರವಿದ್ದರೆ ಇಪ್ಪತ್ತು ವರ್ಷ ಲೆಕ್ಕ ಬರೆದವರನ್ನೂ ಮೊನ್ನೆ ಪ್ರಭಾರ ಹೊತ್ತವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಒಂದೇ ಪಾಠ ಹೇಳಬೇಡಿ. ಬಲ್ಲವರನ್ನು ಜೊತೆಗೂಡಿಸಿ, ನೀವು ಹೊಸಬರ ತಟ್ಟೆಯ ಬಳಿ ಚಕ್ಕಳಮಕ್ಕಳ ಹಾಕಿ ಕೂರಿ.

ಇನ್ನೊಂದು ಉಪಾಯ ಅಮೆರಿಕದ್ದು. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಒಂದೇ ತರಗತಿಗೆ ಬಂದು ಕಿತ್ತಾಟ ಶುರುವಾದಾಗ ಎಲಿಯಟ್ ಆರೊನ್ಸನ್ ಎಂಬ ಮನೋವಿಜ್ಞಾನಿ ಇದನ್ನು ಹೂಡಿದರು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು. ಬೇರೆಯವರ ತುಂಡು ಸಿಗದೆ ಯಾರಿಗೂ ಪೂರ್ತಿ ಪಾಠ ತಿಳಿಯುವುದಿಲ್ಲ. ಜಿಗ್‌ಸಾ ಎಂದು ಅದರ ಹೆಸರು. ನಾನು ಮಾಡುವುದು ಹೀಗೆ: 25 ಜನ, ಐದೈದರ ಐದು ಗುಂಪು. ವಿಷಯ, ಏಳನೇ ತರಗತಿ ಮುಗಿದ ಮೇಲೆ ಹುಡುಗಿಯರು ಹೈಸ್ಕೂಲಿಗೆ ಯಾಕೆ ಬರುವುದಿಲ್ಲ. ಒಂದು ಗುಂಪಿಗೆ ದಾರಿ ಮತ್ತು ಬಸ್ಸು, ಒಂದಕ್ಕೆ ಶೌಚಾಲಯ ಮತ್ತು ನೀರು, ಒಂದಕ್ಕೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ, ಒಂದಕ್ಕೆ ಮದುವೆ, ಇನ್ನೊಂದಕ್ಕೆ ‘ಹುಡುಗಿ ಮೊಬೈಲ್ ಹಿಡಿದು ಹಾಳಾದಾಳು’ ಎಂಬ ಮನೆಯವರ ಭಯ. ಇಪ್ಪತ್ತು ನಿಮಿಷ ಚರ್ಚೆ. ಆಮೇಲೆ ಗುಂಪು ಒಡೆದು, ಪ್ರತಿ ಹೊಸ ಗುಂಪಿನಲ್ಲೂ ಐದು ಹಳೆಯ ಗುಂಪಿನ ಒಬ್ಬೊಬ್ಬರು ಇರುವಂತೆ ಕೂರಿಸುತ್ತೇನೆ. ಈಗ ಪ್ರತಿಯೊಬ್ಬರೂ ಬಾಯಿ ಬಿಡಲೇಬೇಕು, ಅವರ ತುಂಡು ಇನ್ನೊಬ್ಬರ ಬಳಿ ಇಲ್ಲ. ಹೂವಿನ ಬಾರ್ಡರಿಗೆ ಪುರುಸೊತ್ತೇ ಇರುವುದಿಲ್ಲ.

ಕುರ್ಚಿಗಳನ್ನೂ ನೋಡಿ. 1989ರಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಕೆಲಸ ಶುರು ಮಾಡಿದಾಗ ಸಂಘದ ಹೆಂಗಸರು ಕೂರುತ್ತಿದ್ದದ್ದು ಚಾಪೆಯ ಮೇಲೆ, ದುಂಡಗೆ. ದುಂಡಗೆ ಕೂತರೆ ಹಿಂದಿನ ಸಾಲು ಎಂಬುದೇ ಇರುವುದಿಲ್ಲ. ಅಕ್ಷರ ಬಾರದ ಕೂಲಿ ಹೆಂಗಸು ಅಲ್ಲಿ ಮಾತಾಡಿದಳು. ಎಂಎ ಬಿಎಡ್ ಮಾಡಿದ ನಾವು ಸಾಲು ಕುರ್ಚಿಯಲ್ಲಿ ಒಬ್ಬರ ಜಡೆ ಒಬ್ಬರು ನೋಡುತ್ತ ಕೂರುತ್ತೇವೆ.

10. ಪ್ರಶ್ನೆ ಕೇಳಿ, ಬಾಯಿ ಮುಚ್ಚಿ

1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು, ಕೆಲವೊಮ್ಮೆ ಅಷ್ಟೂ ಇಲ್ಲ. 3 ಸೆಕೆಂಡು ಕಾದರೆ ಉತ್ತರಗಳು ಉದ್ದವಾದವು, ಮಾತಾಡದವರೂ ಮಾತಾಡಿದರು. ಸಮ್ಮೇಳನದಲ್ಲಿ ನಾನು ಐದು ಎಣಿಸುತ್ತೇನೆ, ಮನಸ್ಸಿನಲ್ಲಿ. ಆ ಐದು ಸೆಕೆಂಡು ಐದು ನಿಮಿಷದ ಹಾಗಿರುತ್ತದೆ. ನಾಲ್ಕಕ್ಕೆ ಬರುವಷ್ಟರಲ್ಲಿ ಮೂಲೆಯಲ್ಲಿ ಒಂದು ಕೈ ಏಳುತ್ತದೆ. ಎಲ್ಲರಿಗೂ ಬೇಕಾದ ಮಾತು ಅಲ್ಲಿಂದಲೇ ಬರುವುದು ಹೆಚ್ಚು.

11. ‘ಎರಡು ಮಾತು ಸೇರಿಸುತ್ತೇನೆ’ ಎನ್ನುವವರು

ಪ್ರತಿ ಗೋಷ್ಠಿಯಲ್ಲೂ ಒಬ್ಬರಿರುತ್ತಾರೆ. ಎರಡು ಮಾತು ಎಂದು ಎದ್ದು ಹದಿನೈದು ನಿಮಿಷ ನಿಲ್ಲುತ್ತಾರೆ. ಜಗಳ ಬೇಡ. ‘ಮೇಡಂ, ನೀವು ಈಗ ಹೇಳಿದ್ದನ್ನು ಬೋರ್ಡಿನ ಮೇಲೆ ಬರೀತೀನಿ’ ಎಂದು ತಿರುಗಿ ನಿಧಾನವಾಗಿ ಬರೆಯಲು ಶುರು ಮಾಡಿ. ಬರೆಯುವುದು ಮುಗಿಯಲೆಂದು ಅವರು ನಿಲ್ಲಿಸುತ್ತಾರೆ. ಮುಗಿದೊಡನೆ ಇನ್ನೊಬ್ಬರ ಹೆಸರು ಹಿಡಿದು ಕರೆಯಿರಿ.

ಬಾಗಿಲಲ್ಲಿ ನಿಂತು ಚೇಷ್ಟೆ ಮಾಡುವವರೂ ಇರುತ್ತಾರೆ. ಒಬ್ಬ ಅಧಿಕಾರಿ ಬಂದು, ‘ಏನ್ ಮೇಡಂ, ಗಂಡಸರ ಮೇಲೆ ದೂರು ಹೇಳೋ ಪ್ರೋಗ್ರಾಮಾ?’ ಎಂದು ನಕ್ಕರು. ನಮ್ಮ ಗುಂಪಿನಲ್ಲಿದ್ದ ಒಬ್ಬ ಟೀಚರ್ ತಕ್ಷಣ ಕುರ್ಚಿ ಎಳೆದು, ‘ಬನ್ನಿ ಸರ್, ಕೂತ್ಕೊಳ್ಳಿ. ಶೌಚಾಲಯಕ್ಕೆ ನೀರು ಹಾಯಿಸೋ ದುಡ್ಡು ಯಾವ ಅನುದಾನದಿಂದ ತೆಗೀಬೇಕು ಅಂತ ಚರ್ಚೆ ನಡೀತಿತ್ತು. ನೀವೇ ಹೇಳಬೇಕು’ ಎಂದರು. ಅವರು ಕೂತರು, ಹೇಳಿಯೂ ಹೇಳಿದರು. ಅರ್ಧ ಗಂಟೆ ಏಳಲಿಲ್ಲ.

12. ಕಣ್ಣೀರು ಬಂದರೆ

ಬರೀ ಹೆಂಗಸರೇ ಇರುವ ಕೋಣೆಯಲ್ಲಿ ಯಾರಾದರೂ ಒಬ್ಬರು ಬಿಕ್ಕುವುದುಂಟು. ಮನೆಯದ್ದಿರಬಹುದು, ಸ್ಟಾಫ್ ರೂಮಿನದ್ದಿರಬಹುದು. ‘ಧೈರ್ಯವಾಗಿರಿ’ ಎಂಬ ಉಪದೇಶ ಬೇಡ, ಮೈಕಿನಲ್ಲಂತೂ ಬೇಡವೇ ಬೇಡ. ಎಲ್ಲರಿಗೂ ಚಹಾ ಬಿಡುವು ಕೊಟ್ಟು ಅವರ ಪಕ್ಕ ಕೂರಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳು ಬೆಳಿಗ್ಗೆಯಿಂದಲೇ ಬೋರ್ಡಿನ ಮೂಲೆಯಲ್ಲಿದ್ದರೆ ಯಾರೂ ಯಾರ ಮುಂದೆಯೂ ಕೇಳಬೇಕಾಗುವುದಿಲ್ಲ. ಶೌಚಾಲಯ ಎಲ್ಲಿದೆ, ಮಗುವಿಗೆ ಹಾಲು ಕುಡಿಸಲು ಕೋಣೆ ಯಾವುದು ಎಂಬುದನ್ನೂ ಅಲ್ಲೇ ಬರೆಯಿರಿ.

13. ಊಟದ ನಂತರದ ಗೋಷ್ಠಿ ನಿಮಗೇ ಬಂದರೆ

ಪಾಯಸ ಇತ್ತೇ ಎಂದು ವಿಚಾರಿಸಿ. ಇದ್ದರೆ ಎಲ್ಲರನ್ನೂ ನಿಲ್ಲಿಸಿ ಶುರು ಮಾಡಿ.

14. ಹನ್ನೊಂದು ಕಾಲಮ್ಮಿನ ಕ್ರಿಯಾಯೋಜನೆ ಬೇಡ, ಒಂದು ಸಾಲು ಸಾಕು

ಕೊನೆಗೆ ಎಲ್ಲರೂ ‘ಕ್ರಿಯಾಯೋಜನೆ’ ತುಂಬುತ್ತಾರೆ: ಕ್ರ.ಸಂ., ಉದ್ದೇಶ, ಚಟುವಟಿಕೆ, ಕಾಲಮಿತಿ, ಜವಾಬ್ದಾರಿ, ಷರಾ ಇತ್ಯಾದಿ. ಪಕ್ಕದವರದ್ದು ನೋಡಿ ಬರೆಯುವುದು ಇಲ್ಲಿ ಅಪರಾಧವಲ್ಲ. ನಾನು ಪೋಸ್ಟ್ ಕಾರ್ಡ್ ಹಂಚುತ್ತೇನೆ. ‘ಶಾಲೆಗೆ ಹೋದ ಮೊದಲ ದಿನ ನಾನು ಮಾಡುವ ಒಂದು ಕೆಲಸ’, ಅಷ್ಟೇ. ವಿಳಾಸ ಅವರದೇ, ಅವರೇ ಬರೆಯಬೇಕು. ಒಂದು ತಿಂಗಳ ನಂತರ ಅವನ್ನು ಅಂಚೆಗೆ ಹಾಕುವುದು ನನ್ನ ಕೆಲಸ. ತಮ್ಮದೇ ಅಕ್ಷರದಲ್ಲಿ ತಮಗೇ ಬಂದ ಕಾಗದ ನೋಡಿ ಕೆಲವರು ಫೋನು ಮಾಡುತ್ತಾರೆ. ‘ಮಾಡಿಲ್ಲ ಮೇಡಂ’ ಎನ್ನಲು ಮಾಡುವವರೇ ಹೆಚ್ಚು, ಆ ಫೋನಿಗೂ ಬೆಲೆ ಇದೆ. ಒಬ್ಬರು ಬರೆದದ್ದು ನನಗೆ ಇನ್ನೂ ನೆನಪಿದೆ: ‘ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸುತ್ತೇನೆ.’ ಮೊದಲು ಅವರು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರಂತೆ, ಹಳೆಯ ಮುಖ್ಯ ಶಿಕ್ಷಕರು ಹಾಗೆ ಇಟ್ಟಿದ್ದರು, ಬದಲಿಸಲು ಸಂಕೋಚ. ಆರು ವರ್ಷ.

15. ಸಂಭಾವನೆಯ ಮಾತು ಬಾಯಿಬಿಟ್ಟು ಕೇಳಿ

‘ಅದೆಲ್ಲ ಬೇಡ ಸರ್’ ಎನ್ನುವುದು ನಮ್ಮ ಅಭ್ಯಾಸ. ಅದೇ ವೇದಿಕೆಯ ಪುರುಷ ಉಪನ್ಯಾಸಕರು ಲಕೋಟೆ ತೆಗೆದುಕೊಂಡು ಹೋಗಿರುತ್ತಾರೆ. ಇಲಾಖೆಯ ಕಾರ್ಯಕ್ರಮವಾದರೆ ಟಿಎ-ಡಿಎ ಅರ್ಜಿ, ಹಾಜರಾತಿ ಪ್ರಮಾಣಪತ್ರ ಅಲ್ಲೇ ಪಡೆಯಿರಿ. ಖಾಸಗಿಯಾದರೆ ಒಪ್ಪಿಕೊಳ್ಳುವಾಗಲೇ ಮೊತ್ತ ಕೇಳಿ. ಬಿಟ್ಟುಕೊಡುವುದಿದ್ದರೂ ಎಷ್ಟು ಬಿಟ್ಟುಕೊಡುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರಲಿ. ಹಾರ, ಶಾಲು ಬೇಡ, ಪುಸ್ತಕ ಕೊಡಿ ಎಂದು ಮೊದಲೇ ಹೇಳಬಹುದು. ನನ್ನ ಬೀರುವಿನಲ್ಲಿ ಒಂದೇ ಬಣ್ಣದ ಹದಿನಾಲ್ಕು ಶಾಲುಗಳಿವೆ.

16. ಹೊಸಬರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ

ನೋಡಲು ಮಾತ್ರ ಕರೆದೊಯ್ದರೆ ಅವರು ನಿಮ್ಮ ಚೀಲ ಹಿಡಿದು ಕೂರುತ್ತಾರೆ. ಹದಿನೈದು ನಿಮಿಷ ಮೈಕು ಕೊಡಿ, ಹೇಳಬೇಕಾದದ್ದನ್ನು ಅವರೇ ಆರಿಸಲಿ, ನಡುವೆ ಬಾಯಿ ಹಾಕಬೇಡಿ. ನಮ್ಮ ಕ್ಲಸ್ಟರಿನ ಒಬ್ಬ ಕಿರಿಯ ಟೀಚರನ್ನು ಹಾಗೆ ಕರೆದೊಯ್ದಿದ್ದೆ. ‘ನಂಗಾಗಲ್ಲಕ್ಕ, ಕಾಲು ನಡುಗ್ತಿದೆ’ ಎಂದು ಕೊನೆಯವರೆಗೂ ಗೋಗರೆದಳು. ‘ಒಂದನೇ ಕ್ಲಾಸಿನಲ್ಲಿ ಮೊದಲ ದಿನ ಅಳೋ ಮಕ್ಕಳನ್ನ ಹೇಗೆ ಕೂರಿಸ್ತೀಯೋ ಅದನ್ನೇ ಹೇಳು’ ಎಂದೆ. ಹದಿನೈದು ನಿಮಿಷದಲ್ಲಿ ನಲವತ್ತೊಂದು ಸಲ ‘ಅಂದ್ರೆ’ ಎಂದಳು, ನಾನು ಹಾಳೆಯಲ್ಲಿ ಗೀಟು ಹಾಕಿ ಎಣಿಸಿದ್ದೆ. ಆ ಹಾಳೆಯನ್ನು ಅವಳಿಗೆ ತೋರಿಸಲಿಲ್ಲ. ಮಕ್ಕಳ ಕಥೆಗೆ ಕೋಣೆಯೆಲ್ಲ ನಕ್ಕದ್ದನ್ನು ಮಾತ್ರ ಬಸ್ಸಿನಲ್ಲಿ ಹೇಳಿದೆ.

ಈ ವರ್ಷದ ಸಮ್ಮೇಳನದಲ್ಲಿ ನನ್ನ ಗೋಷ್ಠಿಗೆ ಅವಳೇ ಅಧ್ಯಕ್ಷೆ. ನನಗೆ ಕೊಟ್ಟದ್ದು ಇಪ್ಪತ್ತು ನಿಮಿಷ. ನಾನು ಕಲ್ಯಾಣಮ್ಮನವರ ಬಗ್ಗೆ ಹೇಳುತ್ತ ಹೇಳುತ್ತ ಎಲ್ಲಿಗೋ ಹೋಗಿದ್ದೆ. ಮೇಜಿನ ಮೇಲಿಂದ ಒಂದು ಮಡಚಿದ ಚೀಟಿ ನಿಧಾನವಾಗಿ ನನ್ನ ಕಡೆ ಜಾರಿ ಬಂತು. ‘ಅಕ್ಕಾ, 26 ನಿಮಿಷ ಆಯ್ತು.’

ಓದಿದೆ, ಮಡಚಿದೆ.